ಬಾಗಿಲ ಮೇಲಿನ ಸೀಮೆಸುಣ್ಣ

ಸಂಪಾದಕರು ಫೋನು ಮಾಡಿದ್ದರು. "ರಾಯರೇ, ಈ ಸಲ ಸಮಾಜಸೇವೆಯ ಬಗ್ಗೆ ನಿಮ್ಮದೊಂದು ಲೇಖನ ಬೇಕೇ ಬೇಕು. ಮೂವತ್ತು ಮೂವತ್ತೈದು ವರ್ಷ ಕ್ಲಬ್ಬಿನಲ್ಲಿ ದುಡಿದವರು ನೀವು. ನಿಮ್ಮನ್ನು ಬಿಟ್ಟು ಇನ್ನಾರನ್ನು ಕೇಳಲಿ?" ಎಂದರು. ಕಿವಿ ಮಂದವಾದ ಮೇಲೆ ನಾನು ಫೋನಿನ ಸ್ಪೀಕರು ಹಾಕಿಯೇ ಮಾತಾಡುವುದು. "ದುಡಿದವರು" ಎಂಬ ಮಾತು ಬಂದಾಗ ಅಡಿಗೆಮನೆಯಲ್ಲಿದ್ದ ನನ್ನ ಹೆಂಡತಿ ಕೆಮ್ಮಿದಳೋ ನಕ್ಕಳೋ ತಿಳಿಯಲಿಲ್ಲ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಬರೀರಿ, ಬರೀರಿ. ಆದ್ರ ಆ ಬಾಗಲಾ ಮರೀಬ್ಯಾಡ್ರಿ" ಎಂದಳು.

ಆ ಬಾಗಿಲಿನ ಸಂಗತಿ ಅವಳಿಗೂ ಇನ್ನೊಬ್ಬರಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ನಡೆದು ಇಪ್ಪತ್ತು ವರ್ಷಗಳ ಮೇಲಾಯಿತು. ಬರೆಯುವುದಾದರೆ ಅದನ್ನೇ ಬರೆಯಬೇಕು. ಇಲ್ಲವಾದರೆ ಸೇವೆಯ ಮೇಲೆ ಬರೆಯುವ ಅಧಿಕಾರ ನನಗಿಲ್ಲ ಎನಿಸಿ ಲೇಖನಿ ಹಿಡಿದಿದ್ದೇನೆ.

ನಾನು ಧಾರವಾಡ ಬಿಟ್ಟು ಪುಣೆಗೆ ಬಂದದ್ದು 1971ರಲ್ಲಿ, ಪಿಂಪ್ರಿಯ ಒಂದು ಕಾರಖಾನೆಯ ನೌಕರಿಗೆ. ಹೊರನಾಡಿಗೆ ಬಂದ ಕನ್ನಡಿಗನಿಗೆ ಮೊದಲು ಬೇಕಾಗುವುದು ಖೋಲಿ, ಎರಡನೆಯದು ಜೋಳದ ರೊಟ್ಟಿ ಸಿಗುವ ಖಾನಾವಳಿ, ಮೂರನೆಯದು ಕನ್ನಡ ಮಾತಾಡುವ ನಾಲ್ಕು ಜನ. ಮೊದಲೆರಡಕ್ಕೆ ಪುಣೆಯಲ್ಲಿ ಕೊರತೆಯಿಲ್ಲ. ಮೂರನೆಯದಕ್ಕೆ ಸಂಘವಿತ್ತು. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದವರು ನಡೆಸುವ ಡಾ. ಕಲ್ಮಾಡಿ ಶಾಮರಾವ್ ಶಾಲೆಯನ್ನು ಇಂದು ಪುಣೆಯ ಕನ್ನಡಿಗರಲ್ಲಿ ಅರಿಯದವರಿಲ್ಲ. ಹೀಗೆ ರಾಜ್ಯೋತ್ಸವ, ನಾಟಕ, ಕೋಸಂಬರಿ, ಪಾನಕಗಳಲ್ಲಿ ದಿನ ಕಳೆಯುತ್ತಿದ್ದ ನನ್ನನ್ನು 1988ರಲ್ಲಿ ಒಬ್ಬ ಮಿತ್ರರು ನಮ್ಮ ಬಡಾವಣೆಯ ಸೇವಾ ಕ್ಲಬ್ಬಿಗೆ ಎಳೆದುಕೊಂಡು ಹೋದರು. ರೋಟರಿ, ಲಯನ್ಸ್ ಎಂದು ಊರೂರಿಗೂ ಇರುವಂಥ ಕ್ಲಬ್ಬುಗಳಲ್ಲಿ ಅದೂ ಒಂದು. ಯಾವುದೆಂದು ಹೇಳುವುದಿಲ್ಲ. ಹೇಳಬೇಕಾದ ತಪ್ಪು ನನ್ನದು, ಕ್ಲಬ್ಬಿನದಲ್ಲ.

ಇಂಥ ಕ್ಲಬ್ಬುಗಳನ್ನು ಗೇಲಿ ಮಾಡುವುದು ಸುಲಭ. ಕೊರಳಿಗೆ ಪದಕದ ಸರ, ಅಂಗಿಗೆ ಪಿನ್ನು, ಸಭೆ ಪ್ರಾರಂಭವಾಗಲು ಒಂದು ಗಂಟೆ, ಮುಗಿಯಲು ಒಂದು ಗಂಟೆ. ಹತ್ತು ಕಂಬಳಿ ಹಂಚಲು ಹದಿನೈದು ಜನ ಹೋಗುತ್ತಿದ್ದೆವು; ಕಂಬಳಿಗಿಂತ ಬ್ಯಾನರು ದೊಡ್ಡದಿರುತ್ತಿತ್ತು. ಫೋಟೋದವನು ಬರುವ ತನಕ ಕಂಬಳಿ ತೆಗೆದುಕೊಳ್ಳುವ ಮುದುಕ ಕೈ ಚಾಚಿಕೊಂಡೇ ನಿಂತಿರಬೇಕು. ಒಮ್ಮೆ ಒಂದು ಶಾಲೆಯಲ್ಲಿ ಪಾಟೀಚೀಲ ಹಂಚಿದಾಗ ಒಬ್ಬ ಹುಡುಗ ನನ್ನ ಕೈಯಿಂದ ಚೀಲ ಈಸಿಕೊಂಡು, "ಇದು ಮೂರನೆಯದು ಕಾಕಾ" ಎಂದು ಮರಾಠಿಯಲ್ಲಿ ಸಂತೋಷದಿಂದ ಹೇಳಿದ. ಆ ಜೂನ್ ತಿಂಗಳಲ್ಲಿ ಅವನ ಶಾಲೆಗೆ ನಮಗಿಂತ ಮುಂಚೆ ಇನ್ನೆರಡು ಕ್ಲಬ್ಬುಗಳು ಬಂದು ಹೋಗಿದ್ದವು.

ಆದರೆ ಗೇಲಿಯಲ್ಲಿಯೇ ನಿಂತರೆ ಅನ್ಯಾಯವಾಗುತ್ತದೆ. ಅದೇ ಜನ ಕಣ್ಣಿನ ಪೊರೆಯ ಶಿಬಿರ ನಡೆಸಿದ್ದನ್ನು ನೋಡಿದ್ದೇನೆ. ಪಟ್ಟಿ ಬಿಚ್ಚಿದ ದಿನ ಒಬ್ಬ ಅಜ್ಜಿ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡದ್ದೂ ನನ್ನ ಕಣ್ಣ ಮುಂದಿದೆ. ರಾತ್ರಿ ಎರಡು ಗಂಟೆಗೆ ರಕ್ತ ಬೇಕೆಂದು ಆಸ್ಪತ್ರೆಯಿಂದ ಫೋನು ಬಂದರೆ ಸ್ಕೂಟರು ತೆಗೆಯುತ್ತಿದ್ದ ಜನ ಅವರು. ಒಳ್ಳೆಯತನಕ್ಕೆ ಕೊರತೆಯಿರಲಿಲ್ಲ. ಕೊರತೆ ಎಲ್ಲಿತ್ತೆಂದು ನನಗೆ ತೋರಿಸಿಕೊಟ್ಟವಳು ಮತ್ತೊಬ್ಬ ಅಜ್ಜಿ.

ತೊಂಬತ್ತರ ದಶಕದ ಒಂದು ಚಳಿಗಾಲ, ಕಲ್ಲು ಒಡೆಯುವವರ ಒಂದು ವಸತಿಯಲ್ಲಿ ಕಂಬಳಿ ಹಂಚುತ್ತಿದ್ದೆವು. ಪುಣೆಯಲ್ಲಿ ಕನ್ನಡ ಮಾತು ಬರೀ ಬ್ಯಾಂಕು, ಕಾಲೇಜು, ಉಡುಪಿ ಹೋಟೆಲುಗಳಲ್ಲಿ ಮಾತ್ರ ಇದೆಯೆಂದು ನಾವು ತಿಳಿದಿರುತ್ತೇವೆ. ಅದು ತಪ್ಪು. ಈ ಊರಿನ ರಸ್ತೆ, ಕಟ್ಟಡಗಳ ಕೆಳಗೆಲ್ಲ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಬೆವರಿದೆ. ಆ ಅಜ್ಜಿ ಕಂಬಳಿ ಮುಟ್ಟದೆ ನನ್ನ ಮುಖವನ್ನೇ ನೋಡಿ ಹೇಳಿದಳು: "ಹ್ವಾದ ವರ್ಷನೂ ನೀವಽ ಬಂದಿದ್ರಿ, ಯಪ್ಪಾ. ಆ ಕಂಬಳಿ ಇನ್ನಾ ಗಟ್ಟಿ ಐತಿ. ನಳಾ ತರಸ್ತೀನಿ ಅಂದಿದ್ರೆಲಾ, ಅದೇನಾತು?"

ಹಿಂದಿನ ವರ್ಷ ಅವಳು ನೀರಿನ ನಳದ ಮಾತೆತ್ತಿದ್ದಳು. ನಾನು "ನೋಡೋಣು ಅವ್ವಾ" ಎಂದಿದ್ದೆ. ಆ "ನೋಡೋಣು" ಯಾವ ವರದಿಯಲ್ಲೂ ಬಂದಿರಲಿಲ್ಲ. ನಮ್ಮ ವರದಿಯಲ್ಲಿ "ಹಂಚಿದ ಕಂಬಳಿಗಳು" ಎಂಬ ಸಾಲಿತ್ತು. "ಮಾಡದೆ ಬಿಟ್ಟ ಕೆಲಸಗಳು" ಎಂಬ ಸಾಲಿರಲಿಲ್ಲ. ಅಂದು ಮನಸ್ಸಿಗೆ ತಾಗಿತು. ಆದರೆ ತಾಗಿದ್ದೆಲ್ಲ ಬುದ್ಧಿಗೆ ಇಳಿಯಬೇಕಲ್ಲ! ಅದಕ್ಕೆ ಇನ್ನೂ ಕೆಲವು ವರ್ಷ ಬೇಕಾದವು.

ಈಗ ಪೋಲಿಯೋದ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲದಲ್ಲಿ ಪ್ರತಿ ಓಣಿಗೊಬ್ಬ, ಪ್ರತಿ ಶಾಲೆಗೊಬ್ಬಳು ಕಾಲೆಳೆಯುವ ಮಗು ಇದ್ದೇ ಇರುತ್ತಿತ್ತು. ನನ್ನ ಸೋದರತ್ತೆಯ ಮಗನೂ ಹಾಗೆಯೇ; ಮೂರು ದಿನದ ಜ್ವರ, ನಾಲ್ಕನೆಯ ದಿನ ಎಡಗಾಲು ಏಳಲಿಲ್ಲ. ದೇವರು, ಹರಕೆ, ಮಾಲೀಸು ಎಲ್ಲ ಆಯಿತು. ಕಾಲು ಮಾತ್ರ ಹಾಗೆಯೇ ಉಳಿಯಿತು. 1985ರಲ್ಲಿ ರೋಟರಿ ಸಂಸ್ಥೆ ಜಗತ್ತಿನ ಮಕ್ಕಳಿಗೆಲ್ಲ ಪೋಲಿಯೋ ಲಸಿಕೆ ಮುಟ್ಟಿಸುವ ಯೋಜನೆ ಕೈಗೆತ್ತಿಕೊಂಡಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಈ ರೋಗವನ್ನೇ ಭೂಮಿಯಿಂದ ಕಿತ್ತುಹಾಕುವುದೆಂದು ನಿರ್ಧರಿಸಿತು. ಆಗ 125 ದೇಶಗಳಲ್ಲಿ, ವರ್ಷಕ್ಕೆ ಸುಮಾರು 3,50,000 ಮಕ್ಕಳು ಇದಕ್ಕೆ ತುತ್ತಾಗುತ್ತಿದ್ದರು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಆರಂಭವಾದದ್ದು 1995ರಲ್ಲಿ. ಲಸಿಕೆ ಸರ್ಕಾರದ್ದು, ದಾದಿಯರು ಸರ್ಕಾರದವರು. ಮಂಟಪ, ಮೇಜು, ಕುರ್ಚಿ, ಚಹ, ತಿಂಡಿ, ಸ್ವಯಂಸೇವಕರು ಕ್ಲಬ್ಬುಗಳವರು. ನಾನೂ ಬಿಳಿ ಟೋಪಿ ಹಾಕಿಕೊಂಡು ಕುಳಿತೆ.

ಕೆಲಸ ನೋಡಲು ಬಹಳ ಸರಳ. ಐಸ್ ಪ್ಯಾಕುಗಳಿಟ್ಟ ಡಬ್ಬಿಯಲ್ಲಿ ಲಸಿಕೆಯ ಪುಟ್ಟ ಸೀಸೆಗಳು. ಸೀಸೆಯ ಚೀಟಿಯ ಮೇಲೆ ಒಂದು ವೃತ್ತ, ಅದರೊಳಗೊಂದು ಬಿಳಿ ಚೌಕ. ಲಸಿಕೆಗೆ ಬಿಸಿ ತಾಗುತ್ತ ಹೋದಂತೆ ಆ ಚೌಕ ಕಪ್ಪಾಗುತ್ತ ಬರುತ್ತದೆ. ವೃತ್ತದ ಬಣ್ಣಕ್ಕೆ ಸಮನಾಯಿತೆಂದರೆ ಸೀಸೆಯನ್ನು ಪಕ್ಕಕ್ಕೆ ಹಾಕಬೇಕು. ಮಗುವಿನ ಬಾಯಿಗೆ ಎರಡು ಹನಿ, ಎಡಗೈಯ ಕಿರುಬೆರಳಿಗೆ ಅಳಿಯದ ಶಾಯಿಯ ಗುರುತು. ಮುಗಿಯಿತು. ಮತದಾನದ ಶಾಯಿ ನಮ್ಮ ಮೈಸೂರಿನದೆಂದು ಮೇಜಿನ ಸುತ್ತ ಕುಳಿತ ಮರಾಠಿ ಮಿತ್ರರಿಗೆಲ್ಲ ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಅವರು ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ತಲೆದೂಗುತ್ತಿದ್ದರು.

ಮೇಜಿಗೆ ಮಕ್ಕಳನ್ನು ಕರೆತರುವವರು ತರುತ್ತಾರೆ. ತಾರದವರ ಗತಿ? ಅದಕ್ಕಾಗಿ ಮುಂದೆ 1999ರ ಹೊತ್ತಿಗೆ ಮನೆಮನೆಗೆ ಹೋಗುವ ಪದ್ಧತಿ ಬಂತು. ಭಾನುವಾರ ಮೇಜು, ಮರುದಿನದಿಂದ ಬಾಗಿಲು. ಪ್ರತಿ ಬಾಗಿಲ ಮೇಲೆ ಸೀಮೆಸುಣ್ಣದ ಗುರುತು. ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ, ಅಥವಾ ಐದು ವರ್ಷದೊಳಗಿನ ಮಕ್ಕಳೇ ಇಲ್ಲದಿದ್ದರೆ "ಪಿ". ಬೀಗ ಹಾಕಿದ್ದರೆ, ಮಗು ಊರಿಗೆ ಹೋಗಿದ್ದರೆ, ತಾಯಿ ಬೇಡವೆಂದರೆ "ಎಕ್ಸ್". ಎಕ್ಸ್ ಬಿದ್ದ ಬಾಗಿಲಿಗೆ ಮತ್ತೆ ಹೋಗಬೇಕು. ಅದನ್ನು ಪಿ ಮಾಡುವವರೆಗೆ ಕೆಲಸ ಮುಗಿಯದು.

ಬಾಗಿಲು ತಟ್ಟುವುದು ಈ ಊರಿನಲ್ಲಿ ಹಗುರವಾದ ಮಾತಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ರ‍್ಯಾಂಡ್ ಎಂಬ ಅಧಿಕಾರಿ ಗೋರಾ ಸೈನಿಕರನ್ನು ಮನೆಗಳೊಳಗೆ ನುಗ್ಗಿಸಿದ. ರೋಗವನ್ನು ತಡೆಯಬೇಕೆಂಬ ಉದ್ದೇಶವೇನೋ ಸರಿ. ಆದರೆ ದೇವರಮನೆ, ಅಡಿಗೆಮನೆ, ಹೆಂಗಸರ ಮಾನ ಒಂದನ್ನೂ ನೋಡಲಿಲ್ಲವೆಂದು ಜನ ಕುದಿದರು. ಅದೇ ವರ್ಷ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಅವನ ಮೇಲೆ ಗುಂಡು ಹಾರಿಸಿದರು. ಅದೇ ಊರು, ಅದೇ ಪ್ಲೇಗು. ಸಾವಿತ್ರಿಬಾಯಿ ಫುಲೆಯವರು ಮುಂಢವಾದ ಹೊರಗಿನ ವಸತಿಯಿಂದ ರೋಗ ತಗಲಿದ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮಗನ ಆಸ್ಪತ್ರೆಗೆ ತಂದರು. ಹುಡುಗ ಬದುಕಿದ. ರೋಗ ತಗಲಿ ತಾಯಿ 1897ರ ಮಾರ್ಚ್ 10ರಂದು ತೀರಿಕೊಂಡರು. ಒಬ್ಬರ ಬಾಗಿಲಿಗೆ ಹೋಗುವ ದಾರಿ ಎರಡು ಬಗೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಬಾಗಿಲು ತಟ್ಟುವಾಗಲೆಲ್ಲ ನನಗೆ ಈ ಎರಡೂ ನೆನಪಾಗುತ್ತಿದ್ದವು.

2001ರಲ್ಲಿ ನಾನು ಸ್ವಯಂನಿವೃತ್ತಿ ಪಡೆದೆ. ನೌಕರಿಯಿದ್ದಾಗ ಕ್ಲಬ್ಬಿಗೆ ಭಾನುವಾರದ ಸದಸ್ಯನಾಗಿದ್ದವನು ಈಗ ಏಳೂ ದಿನದವನಾದೆ. ಪಾಲಿಕೆಯ ಆರೋಗ್ಯ ಕೇಂದ್ರದವರು ನನ್ನನ್ನು ಒಬ್ಬ ಅಂಗನವಾಡಿ ಸೇವಿಕೆಯ ಜೋಡಿ ಮಾಡಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಚಪ್ಪಲಿ ಸವೆಸಿದ್ದರಲ್ಲಿ ನನಗಿಂತ ಇಪ್ಪತ್ತು ಪಾಲು ದೊಡ್ಡವಳು. ಎಲ್ಲರಂತೆ ನಾನೂ ಅವಳನ್ನು "ತಾಈ" ಎನ್ನುತ್ತಿದ್ದೆ. ಅವಳಿಗೆ ನಾನು "ಕಾಕಾ". ಬಾಣೇರಿನ ಕಡೆ ಆಗ ಕಟ್ಟಡಗಳು ಏಳುತ್ತಿದ್ದ ಕಾಲ. ಪ್ರತಿಯೊಂದು ಕಟ್ಟಡದ ಬುಡದಲ್ಲೂ ಪತ್ರಾ ಶೆಡ್ಡುಗಳ ಸಾಲು, ಶೆಡ್ಡುಗಳ ತುಂಬ ನಮ್ಮ ಕಡೆಯ ಜನ.

ತಾಈ ಮರಾಠಿಯಲ್ಲಿ ಕೇಳಿದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ನಾನು "ಯಾ ಊರ ತಂಗಿ?" ಎಂದರೆ ಸಾಕು, "ಸಿಂದಗಿ ಕಡೇವ್ರು ಅಣ್ಣಾರ" ಎಂದು ಮುಖ ಅರಳುತ್ತಿತ್ತು. ಆಮೇಲೆ ಮಾತಿನ ಕಟ್ಟೆಯೇ ಒಡೆಯುತ್ತಿತ್ತು. "ಮೊನ್ನೆ ಊರಾಗ ಹಾಕ್ಯಾರ್ರೀ, ಮತ್ತ ಯಾಕ?" "ಕೂಸಿಗೆ ಉಚ್ಚಿಕೊಂಡದ, ಈಗ ಹಾಕಬೌದೇನು?" "ಇದನ್ನ ಹಾಕಿದ್ರ ಮುಂದ ಮಕ್ಕಳಾಗಂಗಿಲ್ಲಂತ, ಖರೇ ಏನ್ರೀ?" ಒಂದೊಂದಕ್ಕೂ ಉತ್ತರ ಕೊಡಬೇಕಿತ್ತು. ನಮ್ಮಂಥ ಬಿಸಿಲು ನಾಡಿನಲ್ಲಿ, ಬೇಧಿ ಹೆಚ್ಚಿರುವ ಕಡೆ, ಈ ಹನಿ ಒಂದೆರಡು ಸಲಕ್ಕೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಎಲ್ಲ ಮಕ್ಕಳಿಗೂ ಒಂದೇ ಹೊತ್ತಿಗೆ ಹಾಕಿದರೆ ರೋಗಾಣುವಿಗೆ ಕಾಲೂರಲು ಜಾಗ ಸಿಗುವುದಿಲ್ಲ. ಸ್ವಂತ ಮೊಮ್ಮಗನಿಗೂ ಹಾಕಿಸಿದ್ದೇನೆ, ನೋಡು, ಎಂದು ಫೋಟೋ ತೋರಿಸುತ್ತಿದ್ದೆ. ಇಷ್ಟು ವರ್ಷ ಸಂಘದಲ್ಲಿ ವಂದನಾರ್ಪಣೆ ಮಾಡಲು ಮಾತ್ರ ಉಪಯೋಗವಾಗಿದ್ದ ನನ್ನ ಕನ್ನಡಕ್ಕೆ ಇಷ್ಟು ಬೆಲೆಯಿದೆಯೆಂದು ನನಗೇ ಗೊತ್ತಿರಲಿಲ್ಲ. ಮನೆಗೆ ಬಂದು ಹೇಳಿದರೆ ಹೆಂಡತಿ, "ಅಂತೂ ನಿಮ್ಮ ಮಾತು ಕೇಳೋರು ಸಿಕ್ಕರಲ್ಲ" ಎಂದಳು.

2004ರ ಚಳಿಗಾಲ. ಹಿಂದಿನ ವರ್ಷ ಕರ್ನಾಟಕದಲ್ಲಿ ಮತ್ತೆ ಪೋಲಿಯೋ ಕಾಣಿಸಿಕೊಂಡಿತ್ತು. ಊರಿಗೂ ಪುಣೆಗೂ ಓಡಾಡುವ ಈ ಕೂಲಿಕಾರರ ಮಕ್ಕಳ ಬಗ್ಗೆ ಎಲ್ಲರಿಗೂ ಆತಂಕ. ಮೇಜಿನ ಭಾನುವಾರ ಮುಗಿದು, ಮನೆಮನೆಯ ಎರಡನೆಯ ದಿನ, ಮಂಗಳವಾರ ಸಂಜೆ. ಕೊನೆಯ ಶೆಡ್ಡಿನ ಸಾಲು. ತಾಈ ಆಚೆಯ ಸಾಲಿಗೆ ಹೋಗಿದ್ದಳು. ಈ ಸಾಲಿನ ತುದಿಯ ಶೆಡ್ಡಿಗೆ ಬೀಗ. ಪಕ್ಕದ ಮುದುಕಿ ಒಲೆ ಊದುತ್ತ ಹೇಳಿದಳು: "ಅವ್ರು ಸ್ಲ್ಯಾಬಿಗೆ ಹೋಗ್ಯಾರ್ರೀ. ಎರಡೂ ಕೂಸುಗಳನ್ನ ಸಂಗಾಟಽ ಒಯ್ದಾರ. ಬರೂದು ರಾತ್ರಿ ಹತ್ತಾಕ್ಕದ."

ಸ್ಲ್ಯಾಬು ಹಾಕುವುದು ನೋಡಿದವರಿಗೆ ಗೊತ್ತು. ನಡುವೆ ನಿಲ್ಲಿಸುವಂತಿಲ್ಲ, ಮುಗಿಯುವವರೆಗೆ ಕೆಳಗಿಳಿಯುವಂತಿಲ್ಲ. ಎಕ್ಸ್ ಹಾಕಬೇಕು. ಹಾಕಿದರೆ ನಾಳೆ ರಾತ್ರಿಯೋ, ನಸುಕಿನ ಆರು ಗಂಟೆಗೋ ಮತ್ತೆ ಬರಬೇಕು. ನಾಳೆ ಅಂದರೆ ಬುಧವಾರ ಸಂಜೆ ನಮ್ಮ ಕ್ಲಬ್ಬಿನ ಸಮಾರಂಭ. ಪೋಲಿಯೋ ಕಾರ್ಯಕ್ರಮದಲ್ಲಿ ದುಡಿದ ಸದಸ್ಯರಿಗೆ ಸನ್ಮಾನ. ಪಟ್ಟಿಯಲ್ಲಿ ನನ್ನ ಹೆಸರು ಎರಡನೆಯದು. ಅಂದು ಬೆಳಗಿನಿಂದ ನಾಲ್ಕು ಅಂತಸ್ತು, ನೂರಾರು ಬಾಗಿಲು ಏರಿಳಿದ ಮೊಣಕಾಲು ಬೇರೆ ಹೇಳುತ್ತಿತ್ತು, ಸಾಕು ಎಂದು.

ನಾನು ಆ ಪತ್ರಾ ಬಾಗಿಲ ಮೇಲೆ "ಪಿ" ಎಂದು ಬರೆದೆ.

ಬರೆಯಲು ಎಷ್ಟು ಹೊತ್ತು ಹಿಡಿದೀತು? ಒಂದು ಗೆರೆ, ಒಂದು ಅರ್ಧ ಸೊನ್ನೆ. ಟ್ಯಾಲಿ ಶೀಟಿನಲ್ಲಿ ಉಳಿದ ಮನೆಗಳ ಕಲಮಿನಲ್ಲಿ ಸೊನ್ನೆ ಹಾಕಿದೆ. ಮುದುಕಿ ಒಲೆಯ ಮುಂದಿನಿಂದ ನೋಡುತ್ತಿದ್ದಳು. ಅವಳಿಗೆ ಓದು ಬಾರದು. ನಾನು ಏನು ಬರೆದೆನೆಂದು ತಿಳಿಯಲಿಲ್ಲ. "ಮತ್ತ ಬರ್ತೀರೇನ್ರೀ?" ಎಂದಳು. ನಾನು ಹಿಂದೊಮ್ಮೆ ಇನ್ನೊಬ್ಬ ಅಜ್ಜಿಗೆ ಹೇಳಿದ ಉತ್ತರವನ್ನೇ ಹೇಳಿದೆ: "ನೋಡೋಣು ಅವ್ವಾ."

ಬುಧವಾರ ಸಂಜೆ ಸನ್ಮಾನವಾಯಿತು. ಶಾಲು, ತೆಂಗಿನಕಾಯಿ, ಒಂದು ಫಲಕ. ಗೋಡೆಯ ಮೇಲಿನ ಪರದೆಯಲ್ಲಿ ನಾನು ಮಗುವೊಂದಕ್ಕೆ ಹನಿ ಹಾಕುತ್ತಿದ್ದ ಚಿತ್ರ ಬಂತು. ಅಧ್ಯಕ್ಷರು ನಮ್ಮ ವಿಭಾಗದಲ್ಲಿ ಒಂದು ಮನೆಯೂ ಬಾಕಿ ಉಳಿಯಲಿಲ್ಲವೆಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಆ ಲೆಕ್ಕ ಕೊಟ್ಟವನು ನಾನೇ. ಊಟ ಸೇರಲಿಲ್ಲ. ದಾರಿಯಲ್ಲಿ ಹೆಂಡತಿ, "ಏನಾತು?" ಎಂದಾಗ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. "ನಾಳೆ ಮುಂಜಾನೆ ಹೋಗಿ ಬರ್ರಿ" ಎಂದಷ್ಟೇ ಅಂದಳು.

ಗುರುವಾರ ನಸುಕಿನಲ್ಲಿ ಹೋದೆ. ಶೆಡ್ಡಿನ ಅರ್ಧ ಸಾಲು ಇರಲಿಲ್ಲ. ಸ್ಲ್ಯಾಬು ಮುಗಿದಿತ್ತು, ಮುಕಾದಮ ಆ ತಂಡವನ್ನು ಬೇರೆಡೆಗೆ ಸಾಗಿಸಿದ್ದ. ಹಿಂಜವಡಿಗೆ ಎಂದರು ಕೆಲವರು, ಜಾತ್ರೆಗೆ ಊರಿಗೆ ಹೋದರು ಎಂದರು ಕೆಲವರು. ಮುದುಕಿಯೂ ಇರಲಿಲ್ಲ. ಕಳಚಿದ ಪತ್ರಾಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಎಲ್ಲಕ್ಕೂ ಮೇಲಿನ ಪತ್ರಾದ ಮೇಲೆ ನನ್ನ ಕೈಬರಹದ "ಪಿ" ಇತ್ತು.

ಪೋಲಿಯೋ ರೋಗಾಣು ಹೊಕ್ಕ ಇನ್ನೂರು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಕೈಕಾಲು ಬೀಳುತ್ತದೆ. ಉಳಿದವು ಆಡಿಕೊಂಡೇ ಇರುತ್ತವೆ, ರೋಗಾಣುವನ್ನು ಮಾತ್ರ ಮಲದಲ್ಲಿ ಹೊರಹಾಕುತ್ತ, ನೀರಿನ ಮೂಲಕ ಬೇರೆಯವರಿಗೆ ಮುಟ್ಟಿಸುತ್ತ ಹೋಗುತ್ತವೆ. ಬಿಟ್ಟುಹೋದ ಎರಡು ಮಕ್ಕಳೆಂದರೆ ಎರಡೇ ಮಕ್ಕಳಲ್ಲ. ತರಬೇತಿಯಲ್ಲಿ ಇದನ್ನು ಕೇಳಿ ಇತರರಿಗೆ ಕನ್ನಡದಲ್ಲಿ ತಿಳಿಸಿ ಹೇಳಿದವನೇ ನಾನು.

ತಾಈಗೆ ಹೇಳದೆ ಗತ್ಯಂತರವಿರಲಿಲ್ಲ. ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮರಾಠಿಯಲ್ಲಿ ಅಂದಳು: "ಕಾಕಾ, ಎಕ್ಸ್ ಅಂದರೆ ನಾಚಿಕೆಯ ಗುರುತಲ್ಲ. ನಾನು ನಾಳೆ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ನನಗಿರೋದು ಅದೊಂದೇ. ನೀವು ಸುಳ್ಳು ಪಿ ಹಾಕಿದರೆ ಆ ಮಕ್ಕಳು ಇಲ್ಲವೇ ಇಲ್ಲ ಅಂದಹಾಗಾಯಿತು." ಅಷ್ಟು ಹೇಳಿ ತನ್ನ ವಹಿ ತೆಗೆದು, ಟ್ಯಾಲಿ ಶೀಟಿನ ಸೊನ್ನೆ ಹೊಡೆದು, ಒಂದು ಎಂದು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿಸಿದಳು. ಡಾಕ್ಟರರಿಗೆ ತಾನೇ ತಿಳಿಸಿದಳು. ಆ ಭಾನುವಾರ ನಾವಿಬ್ಬರೂ ನನ್ನ ಸ್ಕೂಟರಿನ ಮೇಲೆ ಹಿಂಜವಡಿ, ವಾಕಡ ಕಡೆಯ ಐದು ಕಟ್ಟಡಗಳ ಶೆಡ್ಡುಗಳನ್ನು ಸುತ್ತಿದೆವು. ಸಿಂದಗಿಯವರು ಸಿಕ್ಕರು, ಇಂಡಿಯವರು ಸಿಕ್ಕರು, ಅಫಜಲಪುರದವರು ಸಿಕ್ಕರು. ಹನಿ ತಪ್ಪಿದ ಬೇರೆ ಹನ್ನೊಂದು ಮಕ್ಕಳು ಸಿಕ್ಕವು. ಆ ಎರಡು ಸಿಗಲಿಲ್ಲ. ಹೆಸರೇ ಕೇಳಿರಲಿಲ್ಲವಲ್ಲ, ಹೇಗೆ ಸಿಕ್ಕಾವು?

ಮುಂದಿನ ಸುತ್ತಿನಿಂದ ನಾನು ಮೇಜಿನ ಬಳಿ ಕೂರುವುದನ್ನು ಬಿಟ್ಟೆ. "ನನಗೆ ಎಕ್ಸ್ ಮನೆಗಳ ಪಟ್ಟಿಯನ್ನಷ್ಟೇ ಕೊಡಿರಿ" ಎಂದು ಕೇಳಿದೆ. ಅದರಲ್ಲಿ ಫೋಟೋ ಇಲ್ಲ, ಬ್ಯಾನರಿಲ್ಲ. ರಾತ್ರಿ ಒಂಬತ್ತರ ಮೇಲೆ ಹೋಗಬೇಕು, ಅಥವಾ ಕೋಳಿ ಕೂಗುವ ಮುಂಚೆ. ಬೇಡವೆಂದ ಮನೆಗೆ ಮೂರು ಸಲ, ನಾಲ್ಕು ಸಲ. ಒಂದು ಮನೆಯಲ್ಲಿ ಅಜ್ಜ ಒಪ್ಪಲೇ ಇಲ್ಲ. ಐದನೆಯ ಸಲ ಹೋದಾಗ, "ನಿಮ್ಮ ಕಾಟಾ ತಡಿಯೂದ ಆಗಂಗಿಲ್ಲ, ಹಾಕ್ರಿ ಮಾರಾಯಾ" ಎಂದು ಮೊಮ್ಮಗಳನ್ನು ತಾನೇ ಎತ್ತಿ ಹಿಡಿದ. ಕ್ಲಬ್ಬಿನಲ್ಲಿ ಕ್ರಮೇಣ ಇನ್ನು ನಾಲ್ವರು ಈ ಕೆಲಸಕ್ಕೆ ಬಂದರು. ನಿಜ ಹೇಳಬೇಕೆಂದರೆ, ನಾನು ಕ್ಲಬ್ಬಿನ ಸದಸ್ಯನಾದದ್ದು 1988ರಲ್ಲಲ್ಲ, ಆಗ.

ನಳ ಕೇಳಿದ ಅಜ್ಜಿಯ ವಸತಿಗೂ ಹೋದೆ. ತಡವಾಗಿತ್ತು. ಪಾಲಿಕೆಯ ನಳ ಬಂದಿತ್ತು; ನಮ್ಮಿಂದಲ್ಲ, ಅಲ್ಲಿಯ ಹೆಂಗಸರೇ ವಾರ್ಡ್ ಆಫೀಸಿಗೆ ಕೊಡ ಹೊತ್ತುಕೊಂಡು ಹೋಗಿ ಕುಳಿತು ತರಿಸಿಕೊಂಡಿದ್ದರು. ಅಜ್ಜಿ ತೀರಿಕೊಂಡಿದ್ದಳು.

ದೇಶದ ಕಥೆ ನಿಮಗೆ ಗೊತ್ತೇ ಇದೆ. 2009ರಲ್ಲಿಯೂ ನಮ್ಮಲ್ಲಿ 741 ಮಕ್ಕಳಿಗೆ ಪೋಲಿಯೋ ತಗಲಿತ್ತು. ಜಗತ್ತಿನ ಒಟ್ಟಿನಲ್ಲಿ ಅದು ಹತ್ತಿರ ಹತ್ತಿರ ಅರ್ಧ. ಭಾರತಕ್ಕೆ ಇದು ಎಂದೂ ಸಾಧ್ಯವಾಗದೆಂದು ಬಲ್ಲವರೇ ಹೇಳುತ್ತಿದ್ದರು. ಎರಡೇ ವರ್ಷಕ್ಕೆ, 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ ಒಂದು ಹೆಣ್ಣುಮಗುವಿಗೆ ಕಾಣಿಸಿಕೊಂಡದ್ದೇ ಕೊನೆ. ಮೂರು ವರ್ಷ ಕಾದು, 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಲಕ್ಷಾಂತರ ತಾಈಗಳು ಬಾಗಿಲಿಂದ ಬಾಗಿಲಿಗೆ ನಡೆದದ್ದರ ಫಲ ಅದು. ಕ್ಲಬ್ಬುಗಳು ಚಹ ಕೊಟ್ಟವು, ಹಣ ಕೊಟ್ಟವು, ಕೆಲವರನ್ನು ನಡೆಸಿದವು, ಅದೂ ಸಣ್ಣದಲ್ಲ. ಪಾಕಿಸ್ತಾನ, ಅಫಘಾನಿಸ್ತಾನಗಳಲ್ಲಿ ರೋಗ ಇನ್ನೂ ಉಳಿದಿರುವುದರಿಂದ ನಮ್ಮಲ್ಲಿ ಹನಿ ಹಾಕುವುದು ನಿಂತಿಲ್ಲ.

ಆ ದಿನ ಕ್ಲಬ್ಬಿನಲ್ಲಿ ಪೇಢೆ ಹಂಚಿದರು. ಎಲ್ಲರೂ ಕೈಕುಲುಕುತ್ತಿದ್ದಾಗ ನನಗೆ ಆ ಪತ್ರಾ ಬಾಗಿಲೇ ಕಣ್ಣಿಗೆ ಕಟ್ಟಿತ್ತು. ಮುಂದಿನ ಸುತ್ತಿನಲ್ಲಿ, ಬೇರೆ ಊರಿನಲ್ಲಿ, ಬೇರೊಬ್ಬ ಪ್ರಾಮಾಣಿಕ ವ್ಯಕ್ತಿ ಆ ಎರಡು ಮಕ್ಕಳನ್ನು ಹಿಡಿದಿರಬೇಕು. ಸುತ್ತುಗಳಿರುವುದೇ ಅದಕ್ಕೆ ಎಂದು ತಾಈಯೂ ಸಮಾಧಾನ ಹೇಳಿದ್ದಳು. ಬಹುಶಃ ಹಾಗೆಯೇ ಆಗಿರುತ್ತದೆ. ಆದರೆ ಆ "ಬಹುಶಃ" ನನ್ನ ಪಾಲಿಗೆ ಬಂದದ್ದು. ಅದನ್ನು ಯಾರಿಗೂ ದಾಟಿಸುವಂತಿಲ್ಲ.

ಈಗ ಆ ಮಕ್ಕಳಿಗೆ ಇಪ್ಪತ್ತು ದಾಟಿರಬೇಕು. ನಮ್ಮ ಕಟ್ಟಡಕ್ಕೆ ದಿನಸಿ ತರುವ ಹುಡುಗರಲ್ಲಿ ಒಬ್ಬ ಸಿಂದಗಿ ಕಡೆಯವನು. ಲಿಫ್ಟು ಕೆಟ್ಟ ದಿನ ಅವನು ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರುತ್ತ ನಾಲ್ಕನೆಯ ಮಹಡಿಗೆ ಬಂದ. ನಾನು ಅವನ ಮುಖ ನೋಡುವ ಮುಂಚೆ ಕಾಲು ನೋಡಿದೆ. "ಯಾಕಜ್ಜಾರ, ಹಂಗ್ಯಾಕ ನೋಡ್ತೀರಿ?" ಎಂದು ನಕ್ಕ. "ಏನಿಲ್ಲಪಾ, ನೀರು ಕುಡೀತೀ ಏನು?" ಎಂದೆ.

2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿದ್ದಾಗ ಇದೇ ಜನ ಪುಣೆಯಲ್ಲಿ ಕೂಲಿಯಿಲ್ಲದೆ, ಬಸ್ಸಿಲ್ಲದೆ ಸಿಕ್ಕಿಬಿದ್ದರು. ವಯಸ್ಸಾದ ನನ್ನನ್ನು ಮಗ ಹೊರಗೆ ಬಿಡಲಿಲ್ಲ. ಪಡಿತರದ ಚೀಲ ಮುಟ್ಟಿಸುವ ಯುವಕರಿಗೆ, "ಫೋನಿನ ಕೆಲಸ ನನಗೆ ಕೊಡಿ, ಕನ್ನಡದಲ್ಲಿ ನಾನು ಕೇಳುತ್ತೇನೆ" ಎಂದೆ. ಒಂದು ವಹಿ ಮಾಡಿ, ಚೀಲ ಮುಟ್ಟಿದ ಹೆಸರಿಗೆ ಪಿ, ಮುಟ್ಟದ್ದಕ್ಕೆ, ಫೋನು ಎತ್ತದ್ದಕ್ಕೆ ಎಕ್ಸ್ ಹಾಕುತ್ತಿದ್ದೆ. ಪ್ರತಿ ಸಂಜೆ ಹುಡುಗರಿಗೆ ಮೊದಲು ಎಕ್ಸುಗಳನ್ನೇ ಓದಿ ಹೇಳುತ್ತಿದ್ದೆ. ಅವರಿಗೆ ಈ ಗುರುತು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ.

ಕೊನೆಗೆ ಒಂದು ವಿನಂತಿ. ನಮ್ಮ ಸಂಘಗಳೂ ಕ್ಲಬ್ಬುಗಳೂ ವರ್ಷಕ್ಕೊಮ್ಮೆ ವರದಿ ಅಚ್ಚು ಹಾಕುತ್ತವೆ. ಇಷ್ಟು ಪುಸ್ತಕ, ಇಷ್ಟು ಕಂಬಳಿ, ಇಷ್ಟು ಶಿಬಿರ. ಹಾಕಲಿ, ಸಂತೋಷವೇ. ಆದರೆ ಕೊನೆಯ ಪುಟದಲ್ಲಿ ಇನ್ನೊಂದು ಸಣ್ಣ ಪಟ್ಟಿ ಇರಲಿ: ಹೋಗಬೇಕಾಗಿದ್ದು ಹೋಗದ ಮನೆಗಳು, ಕೊಟ್ಟ ಮಾತಿನಲ್ಲಿ ಬಾಕಿ ಉಳಿದವು. ಅದನ್ನು ಓದಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಮುಂದಿನ ವರ್ಷದ ಕಾರ್ಯಕಾರಿ ಸಮಿತಿಗೆ ಎಲ್ಲಿಂದ ಹೊರಡಬೇಕೆಂಬುದು ತಿಳಿಯುತ್ತದೆ.

ಇದು ಬರಿ ಉಪದೇಶವಾಗಬಾರದೆಂದು ನನ್ನದನ್ನು ಮೊದಲು ಬರೆದಿದ್ದೇನೆ. ಇಪ್ಪತ್ತು ವರ್ಷ ತಡವಾಗಿ ಹಾಕಿದ ಎಕ್ಸ್ ಇದು ಎಂದು ತಿಳಿದು ವಾಚಕರು ಮನ್ನಿಸಬೇಕು.